ಅಡ್ಡ ನಿಂತವನು

ಕ್ಯಾಮರಾದ ಮೂತಿ ಮತ್ತೆ ಕೆಳಕ್ಕೆ ಬಾಗಿತು. ತೋಟದ ಹಾಜರಿ ಬರೆಯುವ ರೈಟರ್ ದೇರಪ್ಪ ಅದನ್ನು ನೆಟ್ಟಗೆ ಮಾಡಿ ಕೈಬಿಟ್ಟ. ಬೈಸಿಕೊಂಡ ಆಳಿನ ಹಾಗೆ ಅದು ಪುನಃ ತಲೆ ತಗ್ಗಿಸಿತು. ನಿನ್ನೆ ಸಂಜೆ ಇದೇ ಕಾಫಿ ಗೋದಾಮಿನಲ್ಲಿ, ಇದೇ ಕಿಟಕಿಯ ಬೆಳಕಿನಲ್ಲಿ, ಈ ಹಿತ್ತಾಳೆ ಕೋಲು ಅವನ ಒಂದೇ ಬೆರಳಿನ ಮೇಲೆ ನಿಂತಿತ್ತು. ತುದಿಯಲ್ಲಿ ಸಾವ್ಕಾರರ ಸಿನಿಮಾ ಕ್ಯಾಮರಾ, ಬುಡದಲ್ಲಿ ಕಬ್ಬಿಣದ ತೂಕಗಳು, ನಡುವೆ ಅವನ ಬೆರಳು. ಕಿಟಕಿಯಿಂದ ಗಾಳಿ ಬಂದರೆ ತುಸು ತಿರುಗಿ ತಾನಾಗಿಯೇ ನಿಲ್ಲುತ್ತಿತ್ತು. ಮೂರು ತಿಂಗಳ ಕೆಲಸ ಅದು. ಇವತ್ತು ಬೆಳಿಗ್ಗೆ ಎಂಟು ಗಂಟೆಗೆ ಸಾವ್ಕಾರ ನಾಣಯ್ಯನವರು ಬೆಂಗಳೂರಿನಿಂದ ಬಂದ ತಮ್ಮ ಭಾವಮೈದನನ್ನು ಕರೆದುಕೊಂಡು ಬಂದು, ಒಂದು ಚರ್ಮದ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಒಳಗೆ ವೆಲ್ವೆಟ್ಟಿನ ಗುಂಡಿಯಲ್ಲಿ ಮೂರು ಸಾಮಾನುಗಳಿದ್ದವು: ಕ್ಯಾಮರಾದ ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ದಪ್ಪ ಗಾಜು, ಒಂದು ಹಳದಿ ಗಾಜು, ಬಿಸಿಲು ಬೀಳದ ಹಾಗೆ ಮುಂದಕ್ಕೆ ಚಾಚಿಕೊಳ್ಳುವ ತಗಡಿನ ಮರೆ.

"ಇದನ್ನೂ ಹಾಕಿ ರೈಟರೆ. ವೈಡ್ ಲೆನ್ಸು. ಇಡೀ ದಾರಿ ಒಂದೇ ಸಲಕ್ಕೆ ಬರ್ತದೆ ಅಂತೆ."

"ಮುಂದಕ್ಕೆ ಎಳೀತದೆ ಸಾವ್ಕಾರ್ರೆ. ಈಗ ತೂಕ ಕೂತಿದೆ."

"ಎಷ್ಟು ಎಳೆದೀತು? ಅಂಗೈಯಷ್ಟು ಗಾಜು." ನಾಣಯ್ಯ ಭಾವಮೈದನ ಕಡೆ ತಿರುಗಿದರು. "ಕುಣೀಲಾರದವಳು ನೆಲ ಡೊಂಕು ಅಂದಳಂತೆ."

ಭಾವಮೈದ ನಕ್ಕ. ಮೂರು ಗಂಟೆಗೆ ಸರಿಯಾಗಿ ರೆಡಿ ಇರಬೇಕು, ಮದುವೆಯ ಹೆಣ್ಣು ನೀರು ಹೊರುವ ಹೊತ್ತಿಗೆ ಬೆಳಕು ಇಳಿಯಬಾರದು ಎಂದು ಹೇಳಿ ಇಬ್ಬರೂ ಹೋದರು. ದೇರಪ್ಪ ಆ ಅಂಗೈಯಷ್ಟು ಗಾಜನ್ನೂ ಉಳಿದೆರಡನ್ನೂ ತಕ್ಕಡಿಯಲ್ಲಿಟ್ಟು ನೋಡಿದ. ಮುಕ್ಕಾಲು ರಾತಲು ಬಂತು. ಸಿಟ್ಟಿನಿಂದ ತಕ್ಕಡಿಯನ್ನು ಬದಿಗೆ ನೂಕಿದ. ಯಾರ ಮೇಲೆ ಎಂದು ಕೇಳಿದರೆ ಹೇಳಬಲ್ಲವನಾಗಿದ್ದ, ಆದರೆ ಕೇಳುವವರು ಗೋದಾಮಿನಲ್ಲಿ ಯಾರೂ ಇರಲಿಲ್ಲ.

ಕೋಲು ಕಾಫಿ ಗಿಡಕ್ಕೆ ಮೈಲುತುತ್ತಿನ ಮದ್ದು ಹೊಡೆಯುವ ಪಂಪಿನದು, ತುದಿ ಒಡೆದು ಮೂಲೆಗೆ ಬಿದ್ದಿದ್ದದ್ದು. ಕ್ಯಾಮರಾದ ಸ್ವಲ್ಪ ಕೆಳಗೆ ಅದಕ್ಕೆ ಅವನು ಹಳೆಯ ಸೈಕಲ್ಲಿನ ಹ್ಯಾಂಡಲ್ ಬುಡದ ಬಟ್ಟಲನ್ನು ಗುಂಡುಗಳ ಸಮೇತ ಬಿಚ್ಚಿ ತೊಡಿಸಿ, ಬಟ್ಟಲಿಗೆ ಬೀಟೆಮರದ ಒಂದು ಹಿಡಿ ಕೂರಿಸಿದ್ದ. ಹಿಡಿ ಹಿಡಿದುಕೊಂಡರೆ ಕೋಲು ಕೈಗೆ ಅಂಟದೆ ತನ್ನಷ್ಟಕ್ಕೆ ತೂಗುತ್ತಿತ್ತು. ಕೈ ಆಡಿದರೂ ಕೋಲು ಆಡುತ್ತಿರಲಿಲ್ಲ. ಬುಡಕ್ಕೆ ಕಟ್ಟಿದ್ದು ಕರಿಮೆಣಸು ತೂಗುತ್ತಿದ್ದ ರಾತಲಿನ ಕಲ್ಲುಗಳು. ಸರಕಾರ ಕಿಲೋ ತಂದ ಮೇಲೆ ಅವು ಯಾರಿಗೂ ಬೇಡವಾಗಿದ್ದವು. ಬೇಡವಾದದ್ದರಿಂದಲೇ ಮಾಡಿದ ವಸ್ತು. ತೋಟದ ಲೈನುಮನೆಗಳ ಆಳುಗಳು ಅದನ್ನು 'ರೈಟರ ತಕ್ಕಡಿ' ಎಂದು ಕರೆದು ನಗುತ್ತಿದ್ದರು, ನಗಲಿ. ಕೋಲನ್ನು ಅಡ್ಡ ಮಲಗಿಸಿ ಬಿಟ್ಟರೆ ಬುಡ ಕೆಳಗಿಳಿದು ನೆಟ್ಟಗಾಗಲು ಒಂದು, ಎರಡು ಎಂದು ಎಣಿಸುವಷ್ಟು ಹೊತ್ತು ಹಿಡಿಯಬೇಕು. ಬೇಗ ಇಳಿದರೆ ಬುಡ ಹೆಚ್ಚು ಭಾರ, ಹೆಜ್ಜೆಗೊಮ್ಮೆ ಗಡಿಯಾರದ ಲೋಲಕದ ಹಾಗೆ ಹೊಯ್ದಾಡುತ್ತದೆ. ಇಳಿಯದೆ ಇದ್ದರೆ ತಲೆ ಭಾರ, ಮಗುಚುತ್ತದೆ. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಇಂಥದ್ದೊಂದು ಲೋಕದಲ್ಲಿ ಎಲ್ಲಾದರೂ ಇದೆಯೋ ಇಲ್ಲವೋ ಅವನಿಗೆ ತಿಳಿಯದು. ಕೈ ನಡುಗುವವನಿಗೆ ಮಾತ್ರ ಹೊಳೆಯುವ ಉಪಾಯ ಇದು ಎಂಬುದಷ್ಟೇ ಗೊತ್ತು.

ಬಲಗೈ. ಎರಡು ವರ್ಷದ ಹಿಂದೆ ಹೆಬ್ಬೆರಳಿನಲ್ಲಿ ಶುರುವಾಯಿತು. ಹಾಜರಿ ಪುಸ್ತಕ ಬರೆಯುವಾಗ ಎಡಗೈಯಿಂದ ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದು ಬರೆಯುತ್ತಾನೆ. ಹೆಂಡತಿ ಯಮುನಳಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ, ಕಳೆದ ವರ್ಷದ ಕೈಲ್‌ಪೊಳ್ದ್ ಹಬ್ಬದವರೆಗೆ. ಆಗ ಸಾವ್ಕಾರರು ಕ್ಯಾಮರಾ ಹೊಸದಾಗಿ ತರಿಸಿದ್ದರು. ಬಂದೂಕು ಹಿಡಿದು ತೆಂಗಿನಕಾಯಿಗೆ ಗುರಿ ಇಡುವ ಸಾಲಿನಲ್ಲಿ ತಾವೂ ನಿಲ್ಲಬೇಕಾಗಿದ್ದರಿಂದ ಕ್ಯಾಮರಾವನ್ನು ಅವನ ಕೈಗೆ ಕೊಟ್ಟರು. ಬೊಂಬಾಯಿಯಿಂದ ತೊಳೆದು ಬಂದ ರೀಲನ್ನು ಇದೇ ಗೋದಾಮಿನಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಿದರು. ಗುರಿ ಇಟ್ಟವರು, ಬಂದೂಕುಗಳು, ತೆಂಗಿನಮರಗಳು, ನಾಣಯ್ಯನವರ ಮೀಸೆ ಎಲ್ಲವೂ ಚಳಿಜ್ವರ ಬಂದ ಹಾಗೆ ಗಡಗಡ ಆಡಿದವು. ನೆಂಟರು ಬಿದ್ದು ಬಿದ್ದು ನಕ್ಕರು. "ನಮ್ಮ ರೈಟರಿಗೆ ಹಬ್ಬ ಬೆಳಿಗ್ಗೆಯೇ ಶುರುವಾಗಿತ್ತು ಅಂತ ಕಾಣ್ತದೆ" ಎಂದು ನಾಣಯ್ಯ ಹೇಳಿದರು. ಹನ್ನೊಂದು ವರ್ಷದಿಂದ ದೇರಪ್ಪ ಒಂದು ತೊಟ್ಟು ಕುಡಿದವನಲ್ಲ. ಅದನ್ನು ಹೇಳಬಹುದಿತ್ತು. ಹೇಳಿದರೆ, ಮತ್ತೆ ಕೈ ಯಾಕೆ ನಡುಗಿತು ಎಂದು ಕೇಳುತ್ತಾರೆ. ಕುಡುಕ ಎನಿಸಿಕೊಂಡರೆ ಕೆಲಸ ಉಳಿಯುತ್ತದೆ, ರೋಗಿ ಎನಿಸಿಕೊಂಡರೆ ಹೋಗುತ್ತದೆ. ಅದಕ್ಕೆ ಅವನೂ ನಕ್ಕ. ಆ ನಗುವನ್ನು ನೆನೆದರೆ ಈಗಲೂ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಆಮೇಲೆ ಹಾಜರಿ ಪುಸ್ತಕದ ಅಕ್ಷರವನ್ನು ಸಾವ್ಕಾರರು ಎರಡು ಸಲ ಕಿಟಕಿಯ ಹತ್ತಿರ ಹಿಡಿದು ನೋಡಿದರು. ಕುಶಾಲನಗರದ ಕಡೆಯ ಪುಟ್ಟರಾಜು ಎಂಬ ಬಿ.ಎ. ಓದಿದ ಹುಡುಗನ ಅರ್ಜಿ ಮೇಜಿನ ಮೇಲೆ ಬಂತು. "ಮಗನ ಮದುವೆ ಕಳೀಲಿ, ಮತ್ತೆ ನೋಡುವಾ. ಮದುವೆ ಫಿಲ್ಮು ಸರಿ ಬರ್ಲಿ" ಎಂದಿದ್ದರು ನಾಣಯ್ಯ, ಅವನನ್ನು ನೋಡದೆ, ಕಾಫಿ ಬೀಜವನ್ನು ಹಲ್ಲಿನಲ್ಲಿ ಕಡಿದು ನೋಡುತ್ತಾ.

ಹದಿನಾರು ವರ್ಷದ ರೈಟರ್ ಕೆಲಸ ಈಗ ಮಧ್ಯಾಹ್ನ ಮೂರು ಗಂಟೆಗೆ ಆಗುವ ಒಂದು ನಡಿಗೆಗೆ ಬಂದು ನಿಂತಿದೆ. ಅದರ ಮೂತಿಗೆ ಒಬ್ಬ ಬೆಂಗಳೂರಿನವನು ಮುಕ್ಕಾಲು ರಾತಲು ಗಾಜು ಕಟ್ಟಿದ್ದಾನೆ.

ಕ್ಯಾಮರಾ ಕೂತ ಹಲಗೆಯನ್ನು ಹಿಂದಕ್ಕೆ ಸರಿಸಿದ. ಹಲಗೆಯ ಸೀಳು ಮುಗಿದು ಸ್ಕ್ರೂ ಅಂಚಿಗೆ ತಾಗಿತು, ಮೂತಿ ಇನ್ನೂ ಬಾಗಿಯೇ ಇತ್ತು. ಹಲಗೆಯ ಹಿಂಬದಿಗೆ ಅರ್ಧ ರಾತಲಿನ ಕಲ್ಲು ಕಟ್ಟಿದ. ಮೂತಿ ಎದ್ದಿತು, ಆದರೆ ಈಗ ತಲೆ ಭಾರವಾಗಿ ಇಡೀ ಕೋಲು ಕುಡಿದವನ ಹಾಗೆ ಪಕ್ಕಕ್ಕೆ ಮಗುಚಿತು. ಬುಡಕ್ಕೆ ಇನ್ನೊಂದು ರಾತಲು ಕಟ್ಟಿದ. ಅಡ್ಡ ಮಲಗಿಸಿ ಬಿಟ್ಟ. ಒಂದು ಎನ್ನುವಷ್ಟರಲ್ಲಿ ಧಡಕ್ಕನೆ ಇಳಿಯಿತು. ಬಟ್ಟಲನ್ನು ಅರ್ಧ ಇಂಚು ಕೆಳಗೆ ಸರಿಸಿದ, ಬಿಗಿ ಮಾಡಿದ, ಬಿಚ್ಚಿದ, ಕಾಲು ಇಂಚು ಮೇಲೆ ಸರಿಸಿದ. ಸ್ಕ್ರೂ ಡ್ರೈವರ್ ಬೆರಳಿಗೆ ಚುಚ್ಚಿತು. ಮುಂದೆ ಒಂದು ಭಾರ ಬಂದರೆ ಹಿಂದೆ ಒಂದು ಬೇಕು, ಮೇಲೆ ಎರಡಾದರೆ ಕೆಳಗೆ ಎರಡು ಬೇಕು, ಎಲ್ಲ ಸರಿಯಾಗುವ ಹೊತ್ತಿಗೆ ಹೊರುವವನ ತೋಳು ಬಿದ್ದುಹೋಗಬೇಕು. ಗಾಜು ತಂದವನಿಗೆ ಅದರ ಯೋಚನೆ ಇಲ್ಲ. ತರುವವರು ತರುತ್ತಾರೆ, ಹೊರುವವರು ಹೊರುತ್ತಾರೆ. ಗಾಜು ತೆಗೆದು ಕಲ್ಲಿಗೆ ಕುಕ್ಕಿ, ಕೈಜಾರಿತು ಸಾವ್ಕಾರ್ರೆ ಎಂದರೆ ಏನಾಗುತ್ತದೆ ಎಂದು ಯೋಚಿಸಿದ. ಎಲ್ಲರೂ ನಂಬುತ್ತಾರೆ, ಅದೇ ತೊಂದರೆ. ಹನ್ನೊಂದೂವರೆಗೆ ಕೋಲು ಒಂದು, ಎರಡು ಎಂದು ಇಳಿದು ನೆಟ್ಟಗೆ ನಿಂತಿತು. ಎತ್ತಿ ಹಿಡಿದ. ಹದಿನಾಲ್ಕು ರಾತಲಿಗೆ ಕಡಿಮೆ ಇಲ್ಲ. ಇಪ್ಪತ್ತು ಎಣಿಸುವಷ್ಟರಲ್ಲಿ ಭುಜ ಉರಿಯತೊಡಗಿತು.

ಯಮುನ ಅಕ್ಕಿರೊಟ್ಟಿಯ ತಟ್ಟೆಯನ್ನು ಸಿಂಬಿಯ ಮೇಲಿಟ್ಟು ತಲೆಯಲ್ಲಿ ಹೊತ್ತು ತಂದಳು. ಲೈನಿನ ಕೊನೆಯ ಮನೆಯಿಂದ ಗೋದಾಮಿಗೆ ಏರುದಾರಿ. ತಟ್ಟೆ ಇಳಿಸಿ, ಕೋಲಿನ ಸುತ್ತ ಒಂದು ಸುತ್ತು ಬಂದು ನೋಡಿದಳು. ಕುತ್ತಿಗೆ ತಿರುಗಿಸದೆ, ಇಡೀ ಮೈಯನ್ನೇ ತಿರುಗಿಸಿಕೊಂಡು ನೋಡುವುದು ಈಚೆಗೆ ಅವಳಿಗೆ ಅಭ್ಯಾಸವಾಗಿತ್ತು.

"ಹಿಂದೆ ಕಲ್ಲ್ ಎಂತಕೆ ಕಟ್ಟಿದರಿ?"

"ಮುಂದೆ ಭಾರ ಆತ್."

"ಮುಂದೆದ್ದ್ ತೆಗಿರಿ ಮತ್ತೆ."

"ಅದ್ ಸಾವ್ಕಾರ್ರ ಮಾತ್. ನಿಂಗೆ ಎಂತ ಗೊತ್ತುಟ್ಟು? ರೊಟ್ಟಿ ಇಟ್ಟ್ ಹೋಗ್."

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಗಾದೆ ಗೊತ್ತಿದ್ದೂ ಬಾಯಿ ನಿಲ್ಲಲಿಲ್ಲ. ಯಮುನ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ, "ಇವತ್ತ್ ಆ ಹೆಣ್ಣ್ ಎಷ್ಟ್ ಸಲ ನಡಿಯೊಕು?" ಎಂದು ಕೇಳಿದಳು.

"ಒಂದೇ ಸಲ."

"ಪುಣ್ಯ ಮಾಡ್ಯುಟ್ಟು ಆ ಹೆಣ್ಣ್."

ಮೂರು ವಾರ ಅವನು ಯಮುನಳನ್ನು ನಡೆಸಿದ್ದ. ದಿನಾ ಸಂಜೆ ಕೆಲಸದಿಂದ ಬಂದು, ಅವಳ ತಲೆಯ ಮೇಲೆ ಒಂದರ ಮೇಲೊಂದು ಎರಡು ಕೊಡ ಇಡಿಸಿ, ಬಾವಿಯಿಂದ ಮನೆಯವರೆಗೆ. ಅವನು ಅವಳ ಎದುರಿಗೆ ಕೋಲು ಹಿಡಿದು ಹಿಮ್ಮುಖವಾಗಿ ನಡೆಯುತ್ತಿದ್ದ. ಕ್ಯಾಮರಾ ಸಾವ್ಕಾರರ ಬೀರುವಿನಲ್ಲಿದ್ದುದರಿಂದ ಅದರ ತೂಕದ ಒಂದು ಮರದ ತುಂಡು. ಸಾಕಾಗಲಿಲ್ಲ, ಇನ್ನೊಂದು ಸಲ. ಕಾಲು ತಪ್ಪಿತು, ಇನ್ನೊಂದು ಸಲ. ಎರಡನೆಯ ದಿನ ಅವಳು ಅರ್ಧ ಕೊಡ ಸಾಕಲ್ಲ ಎಂದಾಗ, ತುಂಬಿದ ಕೊಡ ತುಳುಕುವುದಿಲ್ಲ ಎಂದು ಗಾದೆ ಹೇಳಿದ್ದ. ಹೊತ್ತವರಿಗೆ ಗೊತ್ತು, ತುಂಬಿದ್ದೂ ತುಳುಕುತ್ತದೆ ಎಂದಿದ್ದಳು ಅವಳು. ಮರದ ತುಂಡಿಗೆ ಕಣ್ಣಿಲ್ಲ, ಆದರೆ ಅವನಿಗಿತ್ತು. ಅವನು ನೋಡಿದ್ದು ಕೋಲಿನ ತುದಿಯನ್ನು, ಬುಡವನ್ನು, ಹಲಗೆಯ ಮೇಲಿಟ್ಟ ಬಡಗಿಯ ಮಟ್ಟದ ಗಾಜಿನೊಳಗಿನ ಗುಳ್ಳೆಯನ್ನು. ಮೂರನೆಯ ವಾರ ಒಂದು ಸಂಜೆ ಅವಳು ನಡುದಾರಿಯಲ್ಲಿ ನಿಂತು, ಕೊಡಗಳನ್ನು ಕೆಳಗಿಳಿಸಿ, ನನ್ನಿಂದ ಆಗುವುದಿಲ್ಲ ಎಂದಳು. ಲೈನಿನವರೆಲ್ಲ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಅವನು ಕೂಗಾಡಿದ. ನನ್ನ ಕೆಲಸ ಹೋದರೆ ನೀನು ಎಲ್ಲಿಯ ಬಾವಿಯಿಂದ ನೀರು ತರುತ್ತೀಯೆ ಎಂದ. ಅವಳು ಕೊಡ ಎತ್ತಿಕೊಂಡಳು.

"ಕುತ್ತಿಗೆಗೆ ಎಣ್ಣೆ ಹಚ್ಚಿದ್ಯಾ?" ಎಂದು ಈಗ ಕೇಳಿದ, ರೊಟ್ಟಿ ಮುರಿಯುತ್ತಾ.

"ಎಣ್ಣೆ ಹಚ್ಚಿರೆ ತಿರ್ಗುದುಲೆ ಅದ್."

ಅವಳು ಹೋದ ಮೇಲೆ ನೋಡಿದರೆ ಸಿಂಬಿಯನ್ನು ಬಿಟ್ಟುಹೋಗಿದ್ದಳು. ಹಳೆಯ ಸೀರೆಯ ತುಂಡನ್ನು ಸುತ್ತಿ ಸುತ್ತಿ ಮಾಡಿದ ಬಳೆ, ನಡುವೆ ತಲೆಯ ಎಣ್ಣೆಯ ಕಲೆ. ಮರೆತದ್ದೋ, ಬೇಕೆಂದೇ ಬಿಟ್ಟದ್ದೋ. ಸಿಟ್ಟಿನಿಂದ ಅದನ್ನು ಮೂಲೆಗೆ ಎಸೆಯಲು ಎತ್ತಿದವನು, ಸೊಂಟದ ಬೆಲ್ಟಿಗೆ ಸಿಕ್ಕಿಸಿ ಮೊಣಕೈಯನ್ನು ಅದರ ಮೇಲೆ ಊರಿ ಕೋಲು ಎತ್ತಿ ನೋಡಿದ. ನೂರು ಎಣಿಸಿದ. ಭುಜ ಉರಿಯಲಿಲ್ಲ. ಅವಳಿಗೆ ಹೇಳಬೇಕು ಅನ್ನಿಸಿತು, ಹೇಳಲು ಹಿಂದೆಯೇ ಹೋಗುವುದು ಯಾಕೋ ಅವಮಾನ ಅನ್ನಿಸಿತು. ಹೋಗಲಿಲ್ಲ.

ಕೊಡವರ ಮದುವೆಯಲ್ಲಿ ಹೊಸ ಹೆಣ್ಣು ಗಂಡನ ಮನೆಯ ಬಾವಿಗೆ ಪೂಜೆ ಮಾಡಿ, ನೀರು ತುಂಬಿದ ಕೊಡಗಳನ್ನು ತಲೆಯ ಮೇಲೆ ಹೊತ್ತು ಮನೆಗೆ ತರಬೇಕು. ವಾಲಗದ ಬಡಿತಕ್ಕೆ ಗಂಡಿನ ಕಡೆಯವರು ಅವಳ ಎದುರು ಕುಣಿದು ದಾರಿ ಕಟ್ಟುತ್ತಾರೆ. ಎದುರಿಗೆ ಒಬ್ಬ ಕುಣಿಯುತ್ತಿದ್ದರೂ ಅವಳು ಹೆಜ್ಜೆ ಇಡುವ ಹಾಗಿಲ್ಲ. ನಿಲ್ಲಬೇಕು, ಎಷ್ಟು ಹೊತ್ತಾದರೂ. ಆ ಮನೆಯಲ್ಲಿ ಎಷ್ಟು ತಾಳ್ಮೆಯಿಂದ ಬಾಳುತ್ತಾಳೆ ಎಂದು ಅಲ್ಲೇ ಗೊತ್ತಾಗುತ್ತದಂತೆ. ಈ ಶಾಸ್ತ್ರ ದೀಪ ಹಚ್ಚಿದ ಮೇಲೆ ಆಗುವಂಥದ್ದು. ಈ ಸಲ ಫಿಲ್ಮಿಗೆ ಬೆಳಕು ಬೇಕೆಂದು ನಾಣಯ್ಯ ಮೂರು ಗಂಟೆಗೆ ಇಟ್ಟಿದ್ದರು. ಹಿರಿಯರು ಗೊಣಗಿ ಸುಮ್ಮನಾಗಿದ್ದರು. ಬಿಸಿಲು ನೆತ್ತಿಯಿಂದ ಪೂರಾ ಇಳಿದಿರಲಿಲ್ಲ. ಹೆಣ್ಣಿನ ಹೆಸರು ಪೊನ್ನಮ್ಮ, ಗೋಣಿಕೊಪ್ಪಲಿನ ಕಡೆಯವಳು, ಇಪ್ಪತ್ತು ದಾಟಿರಬಹುದು. ಕೆಂಪು ರೇಷ್ಮೆ ಸೀರೆ, ತಲೆಗೆ ಕೆಂಪು ವಸ್ತ್ರ, ಅದರ ಮೇಲೆ ಎರಡು ಕೊಡ. ಕುಪ್ಯ ಎಂಬ ಕರಿಯ ನಿಲುವಂಗಿ ತೊಟ್ಟ ಗಂಡಸರು ಅವಳ ಮುಂದೆ ಕುಣಿಯುತ್ತಲೇ ಇದ್ದರು. ನಾಣಯ್ಯನವರ ಮಗ ಮೊಣ್ಣಪ್ಪ, ಅಂದರೆ ಗಂಡು, ಮನೆಯೊಳಗೆ ಬಾಗಿಲ ಹತ್ತಿರ ನಿಂತು ಗೆಳೆಯರೊಡನೆ ಏನೋ ಮಾತಾಡಿ ನಗುತ್ತಿದ್ದ. ದೇರಪ್ಪ ಅವಳಿಂದ ಹತ್ತು ಹೆಜ್ಜೆ ಮುಂದೆ, ಅಂಗಳದ ಕಲ್ಲಿನ ಗೇಟುಕಂಬಗಳ ಈಚೆ, ಮೊಣಕೈಯನ್ನು ಸಿಂಬಿಯ ಮೇಲೆ ಊರಿ ಕಾಯುತ್ತಿದ್ದ. ಅರ್ಧ ಗಂಟೆ ಕಳೆಯಿತು. ಕುಣಿಯುವವರು ಸರಿಯಲಿ, ದಾರಿ ಖಾಲಿಯಾಗಲಿ, ಹೆಣ್ಣು ನಡೆಯಲಿ, ಆಗ ಗುಂಡಿ ಒತ್ತಬೇಕು. ಕ್ಯಾಮರಾದ ಸ್ಪ್ರಿಂಗಿಗೆ ಒಮ್ಮೆ ಕೀಲಿ ಕೊಟ್ಟರೆ ಇಪ್ಪತ್ತೈದು ಸೆಕೆಂಡು.

ನಾಣಯ್ಯ ಕೈಯೆತ್ತಿ ಸನ್ನೆ ಮಾಡಿದರು. ಕುಣಿಯುವವರು ಎರಡು ಪಾಲಾಗಿ ಬದಿಗೆ ಸರಿದರು. "ಹೂಂ, ರೈಟರೆ" ಎಂದರು. ದೇರಪ್ಪ ಗುಂಡಿ ಒತ್ತಿ, ಒಂದು ಹೆಜ್ಜೆ ಹಿಂದಿಟ್ಟ.

ಹೆಣ್ಣು ನಡೆಯಲಿಲ್ಲ.

ಇನ್ನೊಂದು ಹೆಜ್ಜೆ ಹಿಂದಿಟ್ಟ. ಕಲ್ಲು ಎಡವಿ ಎಡಕ್ಕೆ ವಾಲಿದ, ಬಲಕ್ಕೆ ವಾಲಿ ಸರಿಮಾಡಿಕೊಂಡ. ಕೋಲು ಅಲುಗಲಿಲ್ಲ. ವಾಲಗದವರು ಅವನ ಕಾಲು ನೋಡಿ ಬಡಿತವನ್ನು ಜೋರು ಮಾಡಿದರು. ಬದಿಗೆ ಸರಿದವರಲ್ಲಿ ಯಾರೋ ಚಪ್ಪಾಳೆ ತಟ್ಟಿ, "ನೋಡಿ, ರೈಟರ್ರೂ ಕುಣೀತಿದ್ದಾರೆ" ಎಂದರು. ನಡಿ ತಾಯಿ, ನಡಿ, ಎಂದು ಅವನು ಒಳಗೇ ಬೈದ. ಎಂಟು, ಒಂಬತ್ತು, ಹತ್ತು ಸೆಕೆಂಡು. ಈ ಒಂದು ನಡಿಗೆಗೆ ತಾನು ಮೂರು ತಿಂಗಳು ಸತ್ತಿದ್ದೇನೆ, ಇವಳಿಗೆ ಏನು ಬಂದಿದೆ. ಆಗ ಹೊಳೆಯಿತು. ಅವಳು ಅವನನ್ನೇ ನೋಡುತ್ತಿದ್ದಳು. ಎದುರಿಗೆ ಒಬ್ಬ ಗಂಡಸು ದಾರಿಯಲ್ಲಿ ನಿಂತು ಅತ್ತಿತ್ತ ವಾಲುತ್ತಿದ್ದಾನೆ. ಅವನು ಸರಿಯುವವರೆಗೆ ಅವಳು ಕದಲುವ ಹಾಗಿಲ್ಲ. ಶಾಸ್ತ್ರ ಅವನಿಗೆ ಗೊತ್ತಿರಲಿಲ್ಲವೇ? ಹದಿನಾರು ವರ್ಷದಿಂದ ನೋಡಿದ್ದ. ಆದರೆ ತಾನು ಆ ಮನೆಯವನಲ್ಲ, ನೆಂಟನಲ್ಲ, ಆ ಅಂಗಳದಲ್ಲಿ ತಾನೊಬ್ಬ ಲೆಕ್ಕಕ್ಕೆ ಬರುವ ಮನುಷ್ಯ ಎಂದೇ ಅವನಿಗೆ ಅನ್ನಿಸಿರಲಿಲ್ಲ. ಅವಳಿಗೆ ಅನ್ನಿಸಿತ್ತು. ಅವಳು ನಡೆಯಲೆಂದು ಅವನು ಕಾಯುತ್ತಿದ್ದ, ಅವನು ಸರಿಯಲೆಂದು ಅವಳು ಕಾಯುತ್ತಿದ್ದಳು.

ಹದಿಮೂರು, ಹದಿನಾಲ್ಕು. ಬದಿಗೆ ಒಂದು ಹೆಜ್ಜೆ ಇಟ್ಟರೆ ಸಾಕಿತ್ತು. ದೇರಪ್ಪ ಇಡಲಿಲ್ಲ. ಯಾಕೆಂದರೆ ಕ್ಯಾಮರಾದ ಕಿಂಡಿಯೊಳಗೆ ಕಂಡದ್ದನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ಅವನು ಶಪಿಸಿದ ಆ ಗಾಜಿನಿಂದಾಗಿ ಬಾವಿಕಟ್ಟೆ, ಜನ, ಎಡದಲ್ಲೊಂದು ಬಲದಲ್ಲೊಂದು ಗೇಟುಕಂಬ, ನಡುವೆ ಆ ಹೆಣ್ಣು, ಎಲ್ಲವೂ ಒಂದೇ ಚೌಕದಲ್ಲಿ ಕೂತಿದ್ದವು, ಗೋಡೆಗೆ ಮೊಳೆ ಹೊಡೆದ ಪಟದಂತೆ. ಕಂಬಗಳು ಒಂದು ಕೂದಲೆಳೆ ಆಡಲಿಲ್ಲ. ಇದು ನನ್ನ ಕೈ, ಎಂದು ಅವನು ಅಂದುಕೊಂಡ, ನೋಡಿರೋ ಬೋಳೀಮಕ್ಕಳ, ಇದು ನನ್ನ ಕೈ. ಆ ಅಲುಗದ ಚೌಕದ ನಡುವೆ ಒಂದೇ ಒಂದು ಅಲುಗುತ್ತಿತ್ತು. ಹೆಣ್ಣಿನ ಕುತ್ತಿಗೆ. ಕಿವಿಯ ಕೆಳಗೆ ಒಂದು ನರ ಎದ್ದು ನಿಂತಿತ್ತು. ಗದ್ದ ಸಣ್ಣಗೆ ನಡುಗುತ್ತಿತ್ತು, ಅದರೊಂದಿಗೆ ಕೊಡಗಳೂ. ಮೇಲಿನ ಕೊಡದಿಂದ ನೀರು ತುಳುಕಿ ಅವಳ ಹಣೆಯ ಮೇಲೆ ಇಳಿದು ಕಣ್ಣಿಗೆ ಹೋಯಿತು, ಅವಳು ಒರೆಸಿಕೊಳ್ಳಲಿಲ್ಲ. ಅವನು ಇದನ್ನು ನೋಡಿದ. ನೋಡಲಿಲ್ಲ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡರೂ, ನೋಡಿದ್ದ. ನೋಡಿಯೂ ಸ್ಪ್ರಿಂಗು ಮುಗಿದು ಟಕ್ಕೆನ್ನುವವರೆಗೆ, ಪೂರ್ತಿ ಇಪ್ಪತ್ತೈದು ಸೆಕೆಂಡು, ಅಡ್ಡ ನಿಂತಿದ್ದ.

ನಾಣಯ್ಯನವರ ಹೆಂಡತಿ ವನಜಮ್ಮ ಹಿಂದಿನಿಂದ ಬಂದು ಅವನ ಅಂಗಿಯ ಕಾಲರು ಹಿಡಿದು ಬದಿಗೆ ಎಳೆದರು. "ದಾರಿ ಬಿಡಯ್ಯಾ. ನೀನು ಯಾರು ಅಡ್ಡ ನಿಲ್ಲೋದಕ್ಕೆ?" ಜನ ನಕ್ಕರು. ಪೊನ್ನಮ್ಮ ಅವನ ಪಕ್ಕದಿಂದಲೇ ನಡೆದುಹೋದಳು. ಅವಳ ಉಸಿರು ಅವನಿಗೆ ಕೇಳಿಸಿತು, ಏರುದಾರಿ ಹತ್ತಿ ಬಂದ ಯಮುನಳ ಉಸಿರಿನ ಹಾಗೆಯೇ ಇತ್ತು. "ಸಿಕ್ತಾ ರೈಟರೆ?" ಎಂದು ನಾಣಯ್ಯ ಕೇಳಿದರು. "ಸಿಕ್ಕಿದೆ" ಎಂದ. ನಡಿಗೆ ಸಿಗಲಿಲ್ಲ ಎಂದು ಹೇಳಲಿಲ್ಲ.

ರೀಲು ಬೊಂಬಾಯಿಗೆ ಹೋಗಿ ಬರಲು ಏಳು ವಾರ ಬೇಕಾಯಿತು. ಆ ಏಳು ವಾರವೂ ಅವನು ಸಿಟ್ಟಿನಲ್ಲೇ ಇದ್ದ. ವನಜಮ್ಮನ ಮೇಲೆ, ಭಾವಮೈದನ ಮೇಲೆ, ಹಾಜರಿ ಕರೆಯುವಾಗ ತಡವಾಗಿ 'ಸ್ವಾಮೀ' ಎನ್ನುವ ಆಳುಗಳ ಮೇಲೆ. ಕಾಲರು ಹಿಡಿದ ಜಾಗ ಸ್ನಾನ ಮಾಡಿದರೂ ಹೋಗದ ಕೊಳೆಯ ಹಾಗೆ ಕುತ್ತಿಗೆಯ ಹಿಂದೆ ಅಂಟಿಕೊಂಡಿತ್ತು. ಒಂದು ದಿನ ಪುಟ್ಟರಾಜು ಬಸ್ಸಿಳಿದು ಬಂದು, ಆಫೀಸಿನ ಬೆಂಚಿನ ಮೇಲೆ ಎರಡು ಗಂಟೆ ಕೂತು, ಸಾವ್ಕಾರರನ್ನು ನೋಡಿ ಹೋದ. ಹೋಗುವಾಗ ದೇರಪ್ಪನಿಗೆ ಬಗ್ಗಿ ನಮಸ್ಕಾರ ಮಾಡಿದ. ಆ ಮರ್ಯಾದೆಯ ಮೇಲೂ ಸಿಟ್ಟು ಬಂತು. ಯಮುನಳಿಗೆ ಅವನು ಆ ಇಪ್ಪತ್ತೈದು ಸೆಕೆಂಡಿನ ಸುದ್ದಿ ಹೇಳಲಿಲ್ಲ. ಅವಳು ಸಿಂಬಿಯನ್ನು ವಾಪಸು ಕೇಳಲಿಲ್ಲ, ಬೇರೆ ಮಾಡಿಕೊಂಡಿದ್ದಳು.

ಭಾನುವಾರ ಮಧ್ಯಾಹ್ನ ಊಟದ ಮೇಲೆ ಗೋದಾಮಿನ ಬಾಗಿಲು ಕಿಟಕಿ ಮುಚ್ಚಿ, ಗೋಣಿ ಇಳಿಬಿಟ್ಟು, ಬಿಳಿ ಪಂಚೆ ಕಟ್ಟಿದರು. ಮುಂದೆ ಕುರ್ಚಿಗಳಲ್ಲಿ ನಾಣಯ್ಯ, ವನಜಮ್ಮ, ಮಗ ಮೊಣ್ಣಪ್ಪ, ಸೊಸೆ ಪೊನ್ನಮ್ಮ, ಹತ್ತಿಪ್ಪತ್ತು ನೆಂಟರು. ಹಿಂದೆ ಗೋಡೆಗೆ ಒರಗಿ ಲೈನಿನವರು, ಅವರಲ್ಲಿ ಯಮುನ. ಪ್ರೊಜೆಕ್ಟರು ನಡೆಸುವವನು ದೇರಪ್ಪನೇ. ರೀಲು ಏರಿಸುವಾಗ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡ. ಕುರ್ಚಿಯ ತುದಿಯಲ್ಲಿ ನಾಣಯ್ಯ ಆ ಕಡೆಗೇ ನೋಡುತ್ತಿದ್ದಾರೆ ಅನ್ನಿಸಿತು. ಮೊದಲು ಸಾವ್ಕಾರರೇ ತೆಗೆದ ಮಂಟಪ, ಊಟ, ಜೀಪುಗಳು, ಗಡಗಡ ಆಡುತ್ತಾ ಬಂದವು. ಅದಕ್ಕೆ ಯಾರೂ ನಗಲಿಲ್ಲ. ಮತ್ತೆ ಅದು ಬಂತು. ಬಾವಿಕಟ್ಟೆ, ಎರಡು ಕಂಬ, ನಡುವೆ ಹೆಣ್ಣು. ಅವಳ ತಲೆಯ ಮೇಲಿನ ಕೊಡಗಳು ನಡುಗುತ್ತಿದ್ದವು.

"ಓಹೋ, ಶುರುವಾಯ್ತು" ಎಂದರು ಯಾರೋ. ಕುರ್ಚಿಗಳಲ್ಲಿ ನಗು ಎದ್ದಿತು. ಹೋದ ವರ್ಷದ ನಗುವೇ, ಎತ್ತಿಟ್ಟು ತಂದ ಹಾಗೆ. "ರೈಟರೆ, ಆ ಕೋಲು ಕೂಡ ನಿಮ್ಮ ಜೊತೆ ಸೇರಿ ಕುಡೀತದಾ?" ಎಂದರು ನಾಣಯ್ಯ. ಆಮೇಲೆ ನಗದೆ, ಮೆಲ್ಲಗೆ, ಪಕ್ಕದವರಿಗೆ ಮಾತ್ರ ಎಂಬಂತೆ, "ಆ ಕುಶಾಲನಗರದ ಹುಡುಗನಿಗೆ ನಾಳೆಯೇ ಕಾಗದ ಬರೀಬೇಕು" ಎಂದರು. ದೇರಪ್ಪನಿಗೆ ಕೇಳಿಸಿತು. ಬಾಯಿ ತೆರೆದ. ಕಂಬ ನೋಡಿ, ಕಂಬ, ಎಂದು ಹೇಳಬೇಕು. ಹೇಳಿದರೆ ಮತ್ತೆ ಅಲುಗಿದ್ದು ಏನು ಎಂದೂ ಹೇಳಬೇಕು. ಬಗ್ಗಿ ರೀಲಿನ ಚಕ್ರ ನೋಡಿದ.

"ಮಾವ." ಪೊನ್ನಮ್ಮನ ದನಿ. ಎಲ್ಲರಿಗೂ ತಿಳಿಯಲೆಂದೋ ಏನೋ ಅವಳು ಮನೆಯ ಕೊಡವ ಮಾತು ಬಿಟ್ಟು ಕನ್ನಡದಲ್ಲೇ ಹೇಳಿದಳು. "ಕಂಬ ಆಡ್ಲಿಲ್ಲ ನೋಡಿ. ಬಾವಿಕಟ್ಟೆ ಆಡ್ಲಿಲ್ಲ. ಆಡಿದ್ದು ನನ್ನ ಕುತ್ತಿಗೆ."

ಪಂಚೆಯ ಮೇಲೆ ನೀರು ತುಳುಕಿ ಹೆಣ್ಣಿನ ಹಣೆಗೆ ಇಳಿಯಿತು, ಚೌಕ ಕಪ್ಪಾಯಿತು. ನಾಣಯ್ಯ ಮುಂದಕ್ಕೆ ಬಾಗಿದ್ದರು. "ಹೌದಲ್ಲ. ಕಂಬ ಅಲ್ಲಾಡ್ಲೇ ಇಲ್ಲ. ರೈಟರ ಕೈ ಸರಿ ಉಂಟು ಮತ್ತೆ" ಎಂದು ತೊಡೆ ತಟ್ಟಿಕೊಂಡರು. ಇನ್ನೊಬ್ಬರು, ಪರವಾಗಿಲ್ಲ ಮಾರಾಯ್ರೆ, ತಕ್ಕಡಿ ಕೆಲಸ ಮಾಡ್ತದೆ ಎಂದರು. ದೇರಪ್ಪ ಏಳು ವಾರದಿಂದ, ಎರಡು ವರ್ಷದಿಂದ ಕಾದ ಮಾತು ಅದು. ಅದು ಬಂದು ಅವನ ಮುಂದೆ ನಿಂತಿತು, ಅವನು ಅದನ್ನು ಮುಟ್ಟಲಾರದೆ ಹೋದ. ಹಿಂದೆ ತಿರುಗಿ ನೋಡಿದ. ಗೋಡೆಯ ಹತ್ತಿರ ಯಮುನ ಒಂದು ಕೈಯನ್ನು ಕತ್ತಿನ ಹಿಂದಕ್ಕೆ ಇಟ್ಟುಕೊಂಡು ಪಂಚೆಯನ್ನೇ ನೋಡುತ್ತಿದ್ದಳು. ಮೂರು ವಾರ ದಿನಾ ಸಂಜೆ ತನ್ನ ಎದುರಿಗೆ ಬರುತ್ತಿದ್ದ ಅವಳ ಮುಖ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದ. ಮಟ್ಟದ ಗುಳ್ಳೆ ನೆನಪಾಯಿತು, ಮುಖ ನೆನಪಾಗಲಿಲ್ಲ.

"ಇನ್ನೊಂದು ಸಲ ಹಾಕಿ ರೈಟರೆ" ಎಂದರು ನಾಣಯ್ಯ ಉತ್ಸಾಹದಿಂದ. "ಆ ಕುತ್ತಿಗೆ ಹೇಗೆ ನಡುಗ್ತದೆ ಅಂತ ನೋಡುವಾ. ಮೊಣ್ಣಪ್ಪ, ನೋಡು ನಿನ್ನ ಹೆಂಡ್ತೀನ."

ಮೊಣ್ಣಪ್ಪ ನಕ್ಕ. ಎಲ್ಲರೂ ಕುರ್ಚಿ ಸರಿಮಾಡಿಕೊಂಡರು. ಪೊನ್ನಮ್ಮ ನೆಲ ನೋಡುತ್ತಾ ಕೂತಿದ್ದಳು. ದೇರಪ್ಪ ರೀಲನ್ನು ಹಿಂದಕ್ಕೆ ಸುತ್ತಿದ, ಏಕೆಂದರೆ ಹೇಳಿದ್ದನ್ನು ಮಾಡುವುದು ಹದಿನಾರು ವರ್ಷದ ರೂಢಿ. ಸ್ವಿಚ್ಚು ಒತ್ತಿದ. ಬಾವಿಕಟ್ಟೆ ಬಂತು, ಕಂಬ ಬಂತು, ಹೆಣ್ಣು ಬಂದಳು. ಅವಳ ಗದ್ದ ನಡುಗಲು ಶುರುವಾಗುವ ಮೊದಲು ಅವನು ಬಲಗೈಯನ್ನು ಎತ್ತಿ, ಬೆರಳು ಬಿಡಿಸಿ, ಪ್ರೊಜೆಕ್ಟರಿನ ಗಾಜಿನ ಎದುರು ಹಿಡಿದ. ಪಂಚೆಯ ಮೇಲೆ ಹೆಣ್ಣು ಹೋಗಿ ಅವನ ಕೈಯ ಕರಿಯ ನೆರಳು ಬಂತು, ಗೋಡೆಯಷ್ಟು ದೊಡ್ಡದಾಗಿ. ಅದು ನಡುಗುತ್ತಿತ್ತು. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ, ಯಾವ ತೂಕವೂ ಇಲ್ಲದೆ, ಯಾವ ಸಿಂಬಿಯೂ ಇಲ್ಲದೆ, ಎಲ್ಲರಿಗೂ ಕಾಣುವ ಹಾಗೆ ನಡುಗುತ್ತಿತ್ತು.

"ಕೈ ತೆಗೀರಿ ರೈಟರೆ" ಎಂದರು ನಾಣಯ್ಯ. ಆಮೇಲೆ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ, ಬೇರೆ ದನಿಯಲ್ಲಿ, "ಏನಾಗಿದೆ ಅದಕ್ಕೆ?" ಎಂದರು.

ಎರಡು ವರ್ಷ ಆಯಿತು, ಎಂದು ದೇರಪ್ಪ ಹೇಳಿದ. ಕೈಯನ್ನು ಇಳಿಸಲಿಲ್ಲ. ಬೆರಳುಗಳಿಗೆ ದೀಪದ ಬಿಸಿ ತಾಗುತ್ತಿತ್ತು. ಕೈಯ ಹಿಂದೆ ಆ ಇಪ್ಪತ್ತೈದು ಸೆಕೆಂಡು ಓಡಿ ಮುಗಿಯುವವರೆಗೆ ಅವನು ಹಾಗೆಯೇ ನಿಂತಿದ್ದ.